ರೂ ಮ್ಯಾಪ್ ಮತ್ತು ಕಪ್ಪುಜನರ ವನಯಾತ್ರೆ

ಋಷಿಗೆ ತಪೋಭೂಮಿಯಾದ ಅರಣ್ಯವೇ ರಾಜ್ಯಭ್ರಷ್ಟನಿಗೆ ವನವಾಸವೆಂಬುದನ್ನು ನಮ್ಮ ಕಾವ್ಯಗಳನ್ನೋದಿದ ವಾಚಕರಿಗೆ ಹೇಳಬೇಕಾದುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ಕಪ್ಪುಜನರ ಚರಿತ್ರೆಯಲ್ಲಿ ಈ ಎರಡು ಭಾವಗಳೂ ಒಂದೇ ಕಾಡಿನಲ್ಲಿ ಬೆರೆತಿವೆ. ದಾಸ್ಯದ ಕಾಲದಲ್ಲಿ ಹ್ಯಾರಿಯೆಟ್ ಟಬ್‌ಮನ್ ಎಂಬ ವೀರಮಹಿಳೆಯು ತನ್ನವರನ್ನು ಇರುಳಿನಲ್ಲಿ ಕಾಡು ಜವುಗುಗಳ ಮರೆಯಿಂದ ಉತ್ತರದ ಸ್ವತಂತ್ರ ಸೀಮೆಗೆ ನಡೆಸಿದಳು. 1865ರಲ್ಲಿ ದಾಸ್ಯವು ಕಾನೂನಿನಿಂದ ಅಳಿದ ಮೇಲೆಯೂ, ದಕ್ಷಿಣದ ಸೀಮೆಗಳಲ್ಲಿ ಬಿಳಿಯರ ಗುಂಪುಗಳು ಎಷ್ಟೋ ಮಂದಿ ನಿರಪರಾಧಿಗಳನ್ನು ಮರಗಳಿಗೆ ನೇಣುಹಾಕಿದವು. ಇಷ್ಟೆಲ್ಲ ನಡೆದಿರಲಾಗಿ, ಆ ಜನಕ್ಕೆ ಪ್ರಕೃತಿಯಲ್ಲಿ ಅಭಿರುಚಿಯೇ ಇಲ್ಲವೆಂಬ ಮಾತು ಅಲ್ಲಿ ಬಹುಕಾಲದಿಂದ ಹಬ್ಬಿತ್ತು. ಉಪಾಧ್ಯಾಯನಾಗಿದ್ದ ನಾನೂ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗರನ್ನು ಕುರಿತು "ಇವರಿಗೆ ಆಸಕ್ತಿಯಿಲ್ಲ" ಎಂದು ಎಷ್ಟೋ ಸಲ ಬರೆದಿಟ್ಟವನು. ಹಲಗೆಯ ಮೇಲಿನ ಅಕ್ಷರ ಅವರಿಗೆ ಕಾಣುತ್ತಿತ್ತೇ ಎಂದು ಕೇಳಿದುದು ಕಡಮೆ. ಆದಕಾರಣ ಇಂಥ ಮಾತನ್ನು ಕೇಳಿದಾಗ ಈಗ ನನಗೆ ಸಂದೇಹ ಹುಟ್ಟುತ್ತದೆ.

ಈ ಮಾತನ್ನು ನಡೆದೇ ಸುಳ್ಳುಮಾಡಿದವರು ಕ್ಯಾಲಿಫೋರ್ನಿಯಾ ಸೀಮೆಯ ಓಕ್‌ಲೆಂಡ್ ನಗರದ ರೂ ಮ್ಯಾಪ್. ಇವರನ್ನು ಸಾಕಿ ಬೆಳೆಸಿದ ತಂದೆತಾಯಿಗಳು ದಕ್ಷಿಣದಿಂದ ವಲಸೆ ಬಂದವರು. ಊರಿಗೆ ಸುಮಾರು 100 ಮೈಲಿ ಉತ್ತರದಲ್ಲಿ ಅವರಿಗೊಂದು ಜಮೀನಿತ್ತು. ದನ ಹಂದಿಗಳ ಸಾಕಣೆ, ಬೇಟೆ, ಮೀನು ಹಿಡಿಯುವುದು, ಬಂಧುಗಳೆಲ್ಲ ಸೇರಿ ಬಯಲಿನಲ್ಲಿ ಉಣ್ಣುವುದು, ಇವೆಲ್ಲ ಬಾಲೆಯಾಗಿದ್ದಾಗಲೇ ಇವರಿಗೆ ಒದಗಿದವು. ಬೆಳೆದ ಮೇಲೆ ಬೆಟ್ಟದ ದಾರಿಗಳಲ್ಲಿ ಸಂಚರಿಸುವಾಗ ತನ್ನ ಬಣ್ಣದವರು ಅಲ್ಲಿ ವಿರಳವೆಂಬುದನ್ನು ಕಂಡರು. 2009ರಲ್ಲಿ 'ಔಟ್‌ಡೋರ್ ಆಫ್ರೋ' ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಯಾ ಊರಿನ ಸ್ವಯಂಸೇವಕರನ್ನೇ ತರಬೇತುಗೊಳಿಸಿ, ಅವರ ಮುಂದಾಳುತನದಲ್ಲಿ ನೆರೆಹೊರೆಯವರನ್ನು ಕಾಡು ಹೊಳೆಗಳ ಬಳಿಗೆ ಕರೆದೊಯ್ಯುವುದು ಇದರ ಕ್ರಮ. ಹೊಸತೊಂದನ್ನು ಕಲಿಸುವುದಕ್ಕಿಂತ, ಹಳೆಯ ನಂಟೊಂದನ್ನು ನೆನಪಿಗೆ ತರುವುದೇ ತಮ್ಮ ಕಾರ್ಯವೆಂಬುದು ಅವರ ನಿಲುವು. ಚರಿತ್ರೆಯು ಅವರ ಪಕ್ಷದಲ್ಲಿಯೇ ಸಾಕ್ಷಿ ನುಡಿಯುತ್ತದೆ.

ಆ ಸಾಕ್ಷಿಗಳಲ್ಲಿ ಮೊದಲಿಗನು ಚಾರ್ಲ್ಸ್ ಯಂಗ್. 1864ರಲ್ಲಿ ಕೆಂಟಕಿ ಸೀಮೆಯಲ್ಲಿ ದಾಸ್ಯದಲ್ಲಿಯೇ ಹುಟ್ಟಿದ ಈತನು 1889ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಪಾಠಶಾಲೆಯಿಂದ ತೇರ್ಗಡೆಯಾದ ಮೂರನೆಯ ಕಪ್ಪುವರ್ಣದ ವಿದ್ಯಾರ್ಥಿ. ರಾಷ್ಟ್ರೀಯ ವನಗಳನ್ನು ಆಗ ಸೈನ್ಯವೇ ಕಾಯುತ್ತಿತ್ತು. 1903ರ ಬೇಸಿಗೆಯಲ್ಲಿ ಕ್ಯಾಪ್ಟನ್ ಯಂಗನಿಗೆ ಸಿಕ್ವೋಯ ರಾಷ್ಟ್ರೀಯ ವನದ ಮೇಲ್ವಿಚಾರಣೆ ಬಂದಿತು. ಆ ಪದವಿಯನ್ನು ಪಡೆದ ಕಪ್ಪುಜನರಲ್ಲಿ ಈತನೇ ಮೊದಲಿಗ. ಒಂಬತ್ತನೆಯ ಅಶ್ವದಳದ ತನ್ನ ಸವಾರರೊಡನೆ ಸಾನ್ ಫ್ರಾನ್ಸಿಸ್ಕೋದಿಂದ 16 ದಿನ ಕುದುರೆಯ ಮೇಲೆ ಪಯಣ ಮಾಡಿ ಅಲ್ಲಿಗೆ ತಲುಪಿದನು. ಜಗತ್ತಿನಲ್ಲಿಯೇ ಅತ್ಯಂತ ಬೃಹತ್ತಾದ ಮರಗಳು ಬೆಟ್ಟದ ನೆತ್ತಿಯಲ್ಲಿದ್ದವು; ಗಾಡಿ ಹೋಗುವ ದಾರಿಯ ಕೆಲಸವೋ ವರ್ಷಗಳಿಂದ ಕುಂಟುತ್ತಿತ್ತು. ಆ ಒಂದೇ ಬೇಸಿಗೆಯಲ್ಲಿ ಯಂಗನು ಅದನ್ನು ಮುಗಿಸಿದನು. ಆಗಸ್ಟ್ ತಿಂಗಳ ನಡುವೆ ಪ್ರವಾಸಿಗಳ ಗಾಡಿಗಳು ಆ ಮಹಾವನವನ್ನು ಮೊದಲ ಬಾರಿಗೆ ಹೊಕ್ಕವು. ಸಂತುಷ್ಟರಾದ ಜನರು ಒಂದು ಮರಕ್ಕೆ ಅವನ ಹೆಸರಿಡಲು ಮುಂದಾದಾಗ ಅವನು ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆಯೂ ಇದೇ ಮನಸ್ಸಿದ್ದರೆ ಆಗ ಇಡಬಹುದೆಂದು ಹೇಳಿ, ಬುಕರ್ ವಾಷಿಂಗ್ಟನ್ನರ ಹೆಸರನ್ನು ಸೂಚಿಸಿದನು. ಯಂಗನ ಹೆಸರಿನ ಮರವಾಗುವುದಕ್ಕೆ ಇಪ್ಪತ್ತಲ್ಲ, ನೂರು ವರ್ಷ ಹಿಡಿಯಿತು.

ಅವನ ಮುಂದಿನ ಕಥೆ ಖೇದಕರ. 1917ರಲ್ಲಿ ದೇಶವು ಮಹಾಯುದ್ಧಕ್ಕಿಳಿದಾಗ, ರಕ್ತದ ಒತ್ತಡದ ಕಾರಣ ಹೇಳಿ ಅವನನ್ನು ನಿವೃತ್ತಿಗೊಳಿಸಿದರು. 1918ರಲ್ಲಿ ತನ್ನ ದೇಹದಾರ್ಢ್ಯವನ್ನು ತೋರಿಸಲು ಅವನು ಒಹಾಯೋ ಸೀಮೆಯ ವಿಲ್ಬರ್‌ಫೋರ್ಸ್‌ನಿಂದ ರಾಜಧಾನಿಗೆ ಸುಮಾರು 500 ಮೈಲಿ ಕುದುರೆಯ ಮೇಲೆ ಹೋದನು. ಯುದ್ಧ ಮುಗಿಯುವ ಸಮಯದವರೆಗೂ ಅವನನ್ನು ಕರೆಯಲಿಲ್ಲ. ಬ್ರಿಗೇಡಿಯರ್ ಜನರಲ್ ಎಂಬ ಗೌರವಪದವಿ 2022ರಲ್ಲಿ ಬಂದಿತು. ಅಷ್ಟರಲ್ಲಿ ಅವನು ಸತ್ತು ನೂರು ವರ್ಷ.

ವನಕ್ಕೆ ದಾರಿ ತೆರೆದವನ ಜನರಿಗೇ ವನದಲ್ಲಿ ಬೇಲಿ ಹಾಕಿದುದನ್ನು ಏನೆನ್ನೋಣ? ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ವನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ತಾಣವನ್ನು ಕಪ್ಪುಜನರಿಗೆಂದೇ ಬೇರೆಯಾಗಿ ತೆರೆದರು. 1950ರ ಹೊತ್ತಿಗೆ ಆ ಭೇದ ನಿಂತಿತು. ನೀರಿನ ಕಥೆ ಇನ್ನೂ ಘೋರ. 1919ರ ಜುಲೈ 27ರಂದು ಷಿಕಾಗೋದ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಹುಡುಗನ ತೆಪ್ಪವು, ಕಣ್ಣಿಗೆ ಕಾಣದ ಗಡಿಯೊಂದನ್ನು ದಾಟಿ, ಬಿಳಿಯರದೆನಿಸಿದ ದಡದತ್ತ ತೇಲಿತು. ದಡದಿಂದ ಕಲ್ಲು ತೂರಿದರು. ಹುಡುಗನು ಮುಳುಗಿ ಸತ್ತನು. ಅನಂತರದ ದೊಂಬಿಯಲ್ಲಿ 38 ಮಂದಿ ಮಡಿದರು. ಮುಂದೆ ನ್ಯಾಯಸ್ಥಾನಗಳು ಊರಿನ ಈಜುಕೊಳಗಳನ್ನು ಎಲ್ಲರಿಗೂ ತೆರೆಯಬೇಕೆಂದಾಗ, ಕೆಲವು ಊರಿನವರು ಕೊಳಗಳನ್ನೇ ಮುಚ್ಚಿಬಿಟ್ಟರು. ತಾಯಿಗೆ ಈಜು ಬಾರದಿದ್ದರೆ ಮಗುವನ್ನು ನೀರಿಗಿಳಿಸುವವರಾರು? ಅಂಜಿಕೆಯೂ ಆಸ್ತಿಯಂತೆ ಮಕ್ಕಳಿಗೆ ಬರುತ್ತದೆ. ಅದನ್ನೇ ನೋಡಿ ಹೊರಗಿನವರು ಸ್ವಭಾವವೆಂದರು.

2014ರ ಕೊನೆಯಲ್ಲಿ, ಪೊಲೀಸರ ಕೈಯಲ್ಲಿ ಕಪ್ಪುಜನರು ಮಡಿದ ಪ್ರಕರಣಗಳಿಂದ ಓಕ್‌ಲೆಂಡಿನ ಬೀದಿಗಳು ಕುದಿಯುತ್ತಿದ್ದವು. ತಾವೇನು ಮಾಡಬಲ್ಲೆವೆಂದು ಮ್ಯಾಪ್ ಯೋಚಿಸಿ, ಬಳಲಿದ ಜನರನ್ನು ನಗರದ ಹಿಂದಿನ ಬೆಟ್ಟದ ರೆಡ್‌ವುಡ್ ಮರಗಳ ನಡುವೆ ನಡೆಯಲು ಕರೆದೊಯ್ದರು. ಇದರಿಂದ ನ್ಯಾಯ ದೊರೆಯುವುದೇ ಎಂದು ವಾಚಕರು ಕೇಳಬಹುದು. ದೊರೆಯದು. ಆದರೆ ನ್ಯಾಯಕ್ಕಾಗಿ ನಿಲ್ಲುವವನೂ ಒಂದು ಘಳಿಗೆ ಕುಳಿತು ಉಸಿರಾಡಬೇಕಷ್ಟೆ. ಆ ಬೆಟ್ಟದ ಮೂಲವನವನ್ನು ಹತ್ತೊಂಬತ್ತನೆಯ ಶತಮಾನದ ನಡುವೆಯೇ ಹಲಗೆಗಾಗಿ ಕಡಿದುಹಾಕಿದ್ದರು. ಈಗಿನವು ಹೆಚ್ಚಾಗಿ ಹಳೆಯ ಬೊಡ್ಡೆಗಳಿಂದ ಚಿಗುರಿ ಬೆಳೆದ ಮರಗಳು.

ಇವರ ಸಂಸ್ಥೆಯ ಮುಂದಾಳುಗಳ ತಂಡವೊಂದು 2018ರಲ್ಲಿ ಆಫ್ರಿಕಾದ ಕಿಲಿಮಂಜಾರೋ ಪರ್ವತವನ್ನು ಏರಹೊರಟುದು ಕೀರ್ತಿಯ ಸಂಗತಿಯೇ ಸರಿ. ನನಗಾದರೋ 2019ರಲ್ಲಿ ಅವರು ತೊಡಗಿದ ಮತ್ತೊಂದು ಕೆಲಸವು ಹೆಚ್ಚಿನದಾಗಿ ತೋರುತ್ತದೆ. ಮಕ್ಕಳಿಗೂ, ಅವರನ್ನು ಸಾಕುವ ದೊಡ್ಡವರಿಗೂ, ಸಂಸ್ಥೆಯೇ ಹಣ ಕೊಟ್ಟು ಈಜು ಕಲಿಸುತ್ತದೆ.