ಸೂಜಿ ಹಿಡಿದ ಕೈಯ ಲೆಕ್ಕ

ನಾನು ಡೊಂಬಿವಲಿಯಲ್ಲಿ ಬೆಳೆದವಳು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಅಮ್ಮ ಸೀರೆಗೆ ಫಾಲ್ ಹಚ್ಚಲು ಕೂರುತ್ತಿದ್ದಳು. ಅಂಗಡಿಯಿಂದ ಸೀರೆಯ ಗಂಟು ತರುವುದು, ಹಚ್ಚಿದ್ದನ್ನು ಮುಟ್ಟಿಸಿ ಬರುವುದು ನನ್ನ ಪಾಲಿನ ಕೆಲಸ. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವೆಲ್ಲ ಅಂಗಡಿಯವರ ಬಳಿ. ತಿಂಗಳ ಕೊನೆಗೆ ಎರಡೋ ಮೂರೋ ಸೀರೆ ಕಡಿಮೆ ಬೀಳುತ್ತಿತ್ತು. ಕೇಳಿದರೆ, ನಿಮ್ಮ ಹತ್ತಿರ ಬರೆದದ್ದು ಇದೆಯಾ ಎನ್ನುತ್ತಿದ್ದರು. ಆಮೇಲೆ ಅಮ್ಮ ನನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ತಾನೇ ಬರೆಯತೊಡಗಿದಳು, ಕನ್ನಡದಲ್ಲಿ. ಅಂಗಡಿಯವರಿಗೆ ಅದು ಓದಲು ಬರುತ್ತಿರಲಿಲ್ಲ, ಹಾಗಾಗಿ ಒಪ್ಪಲೂ ಇಲ್ಲ.

ಫ್ರಾನ್ಸಿನ ಕಾರ್ಮಿಕ ಸಂಘದ ನಾಯಕಿ ಝಾನ್ ಬೂವಿಯೆಯ ಬಗ್ಗೆ ಓದುವಾಗ ನನಗೆ ಆ ನೋಟ್‌ಬುಕ್ ನೆನಪಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಝಾನ್ ಹುಟ್ಟಿದ್ದು 1865ರಲ್ಲಿ, ರೋನ್ ನದಿಯ ಕಣಿವೆಯ ಒಂದು ಹಳ್ಳಿಯಲ್ಲಿ. ಅಪ್ಪನದು ಪೀಪಾಯಿ ಮಾಡುವ ಕಸುಬು. ದ್ರಾಕ್ಷಿ ಬೇರನ್ನು ತಿನ್ನುವ ಫಿಲಾಕ್ಸೆರಾ ಎಂಬ ಕೀಟ ಆ ಕಾಲದಲ್ಲಿ ಫ್ರಾನ್ಸಿನ ತೋಟಗಳನ್ನೇ ನುಂಗಿತು. ದ್ರಾಕ್ಷಿಯೇ ಇಲ್ಲದ ಮೇಲೆ ಪೀಪಾಯಿ ಯಾರಿಗೆ ಬೇಕು? ಮನೆ ಬೀದಿಗೆ ಬಿತ್ತು. ಹನ್ನೊಂದರ ಹುಡುಗಿ 1876ರಲ್ಲಿ ರೇಷ್ಮೆ ಕಾರ್ಖಾನೆಗೆ ಹೋದಳು. ದಿನಕ್ಕೆ 13 ಗಂಟೆ ದುಡಿತ, 50 ಸಾಂತೀಮ್ ಕೂಲಿ. ಅಂದರೆ ಅರ್ಧ ಫ್ರಾಂಕ್. ಹನ್ನೆರಡು ತುಂಬದ ಮಗುವಿನಿಂದ 6 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದೆಂಬ ಕಾನೂನು 1874ರಲ್ಲೇ ಬಂದಿತ್ತು, ನೋಡಿ! ಕೂಲಿ ಏರಿಸಲಿಲ್ಲ ಎಂದು ತಾಯಿಯ ಕೈಯಲ್ಲಿ ಏಟು ತಿಂದದ್ದನ್ನೂ, ರಾತ್ರಿ ಕೂತು ಕ್ರೋಶಾ ಹಾಕಿ ನಾಲ್ಕು ಕಾಸು ಕೂಡಿಸಿದ್ದನ್ನೂ ಝಾನ್ ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಹೊಡೆಯಲು ಅವಳಿಗೆ ಸಿಕ್ಕುತ್ತಿದ್ದದ್ದು ಮಗಳೊಬ್ಬಳೇ, ಮಾಲೀಕನಲ್ಲ.

ಮುಂದೆ ಪ್ಯಾರಿಸ್. ಮನೆಗೆಲಸ, ಟೋಪಿ ಕಾರ್ಖಾನೆ, ಕೊನೆಗೆ ಹೊಲಿಗೆ. ಝಾನ್ ಒಳ್ಳೆಯ ಹೊಲಿಗೆಗಾರ್ತಿಯಾದಳು, ಸ್ವಂತ ಗಿರಾಕಿಗಳೂ ಆದರು. ಅವರಲ್ಲೊಬ್ಬಳು ಸ್ತ್ರೀವಾದಿ. ಮಾರ್ಗರೀತ್ ದ್ಯುರಾಂ 1897ರಲ್ಲಿ ಶುರುಮಾಡಿದ, ಹೆಂಗಸರೇ ನಡೆಸುತ್ತಿದ್ದ 'ಲಾ ಫ್ರೋಂದ್' ದಿನಪತ್ರಿಕೆಯನ್ನು ಝಾನ್‌ಗೆ ಪರಿಚಯಿಸಿದ್ದೂ, ಸಂಘ ಸೇರಲು ಹೇಳಿದ್ದೂ ಆಕೆಯೇ. ಹೊಲಿಗೆ ಅಳತೆ ಕೊಡುತ್ತಾ ಆಡಿದ ಮಾತು ಒಂದು ಬದುಕನ್ನೇ ತಿರುಗಿಸಿತು.

ಸಂಘವೆಂದರೆ ಹೂವಿನ ಹಾಸಿಗೆಯಲ್ಲ. 1907ರವರೆಗೆ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸಿಗೆ ತಾನು ದುಡಿದ ಹಣದ ಮೇಲೂ ಹಕ್ಕಿರಲಿಲ್ಲ. 1913ರಲ್ಲಿ ಲಿಯೋನ್ ನಗರದ ಎಮ್ಮಾ ಕುರಿಯೊ ಎಂಬ ಅಚ್ಚುಮೊಳೆ ಜೋಡಿಸುವವಳು ಮುದ್ರಣ ಕಾರ್ಮಿಕರ ಸಂಘಕ್ಕೆ ಅರ್ಜಿ ಹಾಕಿದಳು. ಸಂಘ ಅವಳನ್ನು ಸೇರಿಸಿಕೊಳ್ಳಲಿಲ್ಲ. ಅಷ್ಟು ಸಾಲದೆಂದು, ಹೆಂಡತಿಯನ್ನು ಈ ಕೆಲಸಕ್ಕೆ ಬಿಟ್ಟೆಯಲ್ಲ ಎಂದು ಗಂಡನನ್ನೂ ಹೊರಹಾಕಿತು. ಶೋಷಣೆಯ ವಿರುದ್ಧ ಎದ್ದವರ ಮನೆಯೊಳಗಿನ ಕಥೆ ಇದು.

ಇಂಥ ಕಾಲದಲ್ಲಿ ಬೂವಿಯೆ ಕೈಗೆತ್ತಿಕೊಂಡದ್ದು ಯಾರ ಕಣ್ಣಿಗೂ ಬೀಳದವರ ವಿಷಯವನ್ನು. ಕಾರ್ಖಾನೆಯವಳು ಗೇಟಿನಲ್ಲಿ ನಿಂತು ಮುಷ್ಕರ ಹೂಡಬಹುದು. ಮನೆಯಲ್ಲೇ ಕೂತು ಅಂಗಿ, ಒಳಉಡುಪು ಹೊಲಿಯುವವಳು ಎಲ್ಲಿ ನಿಲ್ಲಬೇಕು? ಪಕ್ಕದ ಮನೆಯವಳಿಗೆ ಎಷ್ಟು ಕೊಡುತ್ತಾರೆಂಬುದೂ ಅವಳಿಗೆ ತಿಳಿಯದು. ದಾರ, ದೀಪ ಎಲ್ಲ ಅವಳದೇ ಖರ್ಚು. ಮೊದಲ ಮಹಾಯುದ್ಧದಲ್ಲಿ ಗಂಡಸರು ಗಡಿಗೆ ಹೋದರು. ಸೈನ್ಯದ ಬಟ್ಟೆಯ ರಾಶಿ ಇಂಥ ಮನೆಗಳಿಗೇ ಬಂತು, ಕೂಲಿ ಮಾತ್ರ ಕವಡೆ ಕಾಸು. ವರ್ಷಗಳಿಂದ ಕೇಳುತ್ತಿದ್ದ ಕಾನೂನು ಕೊನೆಗೆ 1915ರ ಜುಲೈ 10ರಂದು ಬಂತು. ಬಟ್ಟೆ ಉದ್ಯಮಕ್ಕಾಗಿ ಮನೆಯಲ್ಲಿ ದುಡಿಯುವ ಹೆಂಗಸರಿಗೆ ಕನಿಷ್ಠ ಕೂಲಿ.

ನನಗೆ ಆ ಕೂಲಿಗಿಂತ ಹೆಚ್ಚು ಇಷ್ಟವಾದದ್ದು ಅದರ ಇನ್ನೆರಡು ಅಂಶ. ಕೆಲಸ ಹಂಚುವ ಜಾಗದಲ್ಲಿ ದರದ ಪಟ್ಟಿ ತೂಗುಹಾಕಬೇಕು. ಮಾಲು ಕೊಡುವಾಗ ಯಾವ ಕೆಲಸ, ಎಷ್ಟು, ದರವೇನು ಎಂದು ಬರೆದ ಚೀಟಿಯನ್ನೋ ಪುಸ್ತಕವನ್ನೋ ಆ ಹೆಂಗಸಿನ ಕೈಗೇ ಕೊಡಬೇಕು. ಅಮ್ಮ ಖಾಲಿ ಹಾಳೆಯಲ್ಲಿ ಮಾಡಲು ಹೊರಟದ್ದು ಇದನ್ನೇ ಅಲ್ಲವೇ? ಇನ್ನೊಂದು, ದೂರು ಕೊಟ್ಟರೆ ಕೆಲಸ ಹೋಗುತ್ತದೆಂದು ಅವಳು ಹೆದರಿದರೆ ಅವಳ ಬದಲು ಸಂಘವೇ ಕೋರ್ಟಿಗೆ ಹೋಗಬಹುದಿತ್ತು. ಸೂಜಿ ಹಿಡಿದು ಗೊತ್ತಿದ್ದವರ ಅನುಭವ ಇಲ್ಲದಿದ್ದರೆ ಇಂಥ ಅಂಶ ಹೊಳೆಯುವುದು ಕಷ್ಟ.

ಯುದ್ಧ ಮುಗಿದ ಮೇಲೆ 1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಅಧಿವೇಶನ ನಡೆಯಿತು. ಮತ ಹಾಕುವ ಪ್ರತಿನಿಧಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರು ಸುಮ್ಮನೆ ಕೂರದೆ ಅದೇ ಊರಿನಲ್ಲಿ ತಮ್ಮದೇ ದುಡಿಯುವ ಮಹಿಳೆಯರ ಸಮ್ಮೇಳನ ಕರೆದರು. ಹಡಗು ಹತ್ತಿ ಹೋದ ಬೂವಿಯೆ ಅಲ್ಲಿ ಹುಟ್ಟಿದ ಒಕ್ಕೂಟದ ಉಪಾಧ್ಯಕ್ಷರಲ್ಲಿ ಒಬ್ಬಳಾದಳು. ಆ ವರ್ಷದ ಅಧಿವೇಶನದಲ್ಲೇ ಹೆರಿಗೆಗೆ ಮುಂಚೆ ಆರು ವಾರ, ನಂತರ ಆರು ವಾರ ರಜೆಯ ಒಪ್ಪಂದವೂ ಆಯಿತು.

ಊರಿಗೆ ಮರಳಿದವಳಿಗೆ ಸಿಕ್ಕಿದ್ದೇನು? ಕೆಲವೇ ವರ್ಷಗಳಲ್ಲಿ ಸ್ವಂತ ಸಂಘದವರೇ ಹುದ್ದೆಯಿಂದ ಸರಿಸಿದರು. ಆ ನೋವು ಕೊನೆಯವರೆಗೂ ಮಾಸಲಿಲ್ಲ. ಆದರೆ ಅರವತ್ತು ದಾಟಿದ, ಶಾಲೆಯನ್ನು ಹನ್ನೊಂದಕ್ಕೇ ಬಿಟ್ಟ ಈಕೆ ಇತಿಹಾಸ ಬರೆದಳು! 1928ರಲ್ಲಿ ಒಳಉಡುಪು ಹೊಲಿಯುವವರ ಇತಿಹಾಸ, 1930ರಲ್ಲಿ ಅಂಚೆ, ತಂತಿ, ಟೆಲಿಫೋನ್ ಇಲಾಖೆಯ ಮಹಿಳೆಯರದ್ದು, ಮರುವರ್ಷ ಫ್ರೆಂಚ್ ಕ್ರಾಂತಿಯ ಹೆಂಗಸರದ್ದು, 1936ರಲ್ಲಿ ತನ್ನದೇ ನೆನಪುಗಳು. 1964ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡಳು.

ಮನೆಯಲ್ಲಿ ಕೂತು ದುಡಿಯುವವರ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದ ಬಂದದ್ದು 1996ರಲ್ಲಿ. ಅದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದವರಲ್ಲಿ ಅಹಮದಾಬಾದಿನ ಸೇವಾ ಸಂಘಟನೆಯ ಹೆಂಗಸರೂ ಇದ್ದರು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಬೂವಿಯೆ ಕೂಡಿಟ್ಟ ಪುಸ್ತಕ, ಕಾಗದಪತ್ರಗಳು ಪ್ಯಾರಿಸ್ ನಗರದ ಇತಿಹಾಸ ಗ್ರಂಥಾಲಯದಲ್ಲಿವೆ. ಅಮ್ಮನ ನೋಟ್‌ಬುಕ್, ನಾವು ಮನೆ ಬದಲಿಸಿದ ವರ್ಷ, ರದ್ದಿಗೆ ಹೋಯಿತು. ಹಾಕಿದವಳು ನಾನೇ.