ಒಗಟು ಮತ್ತು ಕುತೂಹಲದ ಕೊರತೆ ಸಿದ್ಧಾಂತ: ಒಂದು ಮರುಪರಿಶೀಲನೆ

ಕುತೂಹಲವನ್ನು ಪ್ರಯೋಗದಿಂದ ಪರೀಕ್ಷಿಸಬಹುದೆಂದು ತೋರಿಸಿದವರಲ್ಲಿ ಡೇನಿಯಲ್ ಬರ್ಲೈನ್ ಪ್ರಮುಖರು; ಹೊಸ ದೃಶ್ಯ, ಶಬ್ದಗಳತ್ತ ಸೆಳೆಯುವ ಇಂದ್ರಿಯ ಕುತೂಹಲವನ್ನೂ ಅರಿವಿಗಾಗಿ ಹಂಬಲಿಸುವ ಜ್ಞಾನ ಕುತೂಹಲವನ್ನೂ 1954ರಲ್ಲಿ ಅವರು ಬೇರ್ಪಡಿಸಿದರು. ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಮಂಡಿಸಿದ 'ಮಾಹಿತಿ ಅಂತರ' ಸಿದ್ಧಾಂತದ ಪ್ರಕಾರ, ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವಿನ ತೆರಪು ಗಮನಕ್ಕೆ ಬಂದಾಗ ಹುಟ್ಟುವ ಕೊರತೆಯ ಭಾವವೇ ಕುತೂಹಲ. 2009ರಲ್ಲಿ ಮಿನ್ ಜಿಯಾಂಗ್ ಕಾಂಗ್ ಮತ್ತು ಸಂಗಡಿಗರು ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನಿಟ್ಟು ನಡೆಸಿದ ಪ್ರಯೋಗದಲ್ಲಿ, ಉತ್ತರ ಖಚಿತವಾಗಿ ಗೊತ್ತಿದ್ದವರಿಗಿಂತಲೂ ಏನೂ ಗೊತ್ತಿಲ್ಲದವರಿಗಿಂತಲೂ ಅರೆಬರೆ ಗೊತ್ತಿದ್ದವರಲ್ಲಿ ಕುತೂಹಲ ಹೆಚ್ಚಿತ್ತು. ಇಷ್ಟರ ಬಗ್ಗೆ ತಕರಾರು ಕಡಿಮೆ.

ತಕರಾರಿರುವುದು ಆ ಕೊರತೆ ಯಾವುದರದು ಎಂಬಲ್ಲಿ. ಉತ್ತರದ್ದೇ ಆಗಿದ್ದರೆ ಅದು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದಾಗಬೇಕು. ಕಾಂಗ್ ಅವರ ಪ್ರಯೋಗದಲ್ಲಿ ಕುತೂಹಲ ಹೆಚ್ಚಿದವರು ಉತ್ತರಕ್ಕಾಗಿ ಕಾಯಲು ಒಪ್ಪಿದರು ನಿಜ. ಆದರೆ ಕಾಯದಿದ್ದರೆ ಅವರಿಗೆ ಉತ್ತರವೇ ಸಿಗುತ್ತಿರಲಿಲ್ಲ. ಒಗಟಿನ ಸಂದರ್ಭ ಹಾಗಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ, ಮೇಲೆ ಹೂ ಬಿಟ್ಟು ಮಣ್ಣಿನೊಳಗೆ ಕಾಯಿ ಕಟ್ಟುವುದು ಯಾವುದು ಎಂಬ ಧಾಟಿಯ ಒಗಟು ಹಾಕಿದರೆ, ಉತ್ತರವಾದ ಶೇಂಗಾ ಕೇಳುವವರಿಗೆ ದಿನನಿತ್ಯದ ವಸ್ತುವೇ ಆಗಿರುತ್ತದೆ, ಒಗಟು ಹಾಕಿದವರು ಉತ್ತರ ಹೇಳಲು ಎದುರಿಗೇ ಇರುತ್ತಾರೆ; ಆದರೂ ಬಿಡಿಸುವವರು 'ಹೇಳಬೇಡ, ತಾಳು' ಎಂದು ತಡೆದು, ಸೋಲೊಪ್ಪುವ ಮೊದಲು ಒಂದು ಸುಳಿವನ್ನಷ್ಟೇ ಕೇಳುತ್ತಾರೆ.

ಜ್ಯಾನೆಟ್ ಮೆಟ್ಕಾಫ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಮೂರು ಪ್ರಯೋಗಗಳು ಇದಕ್ಕೆ ತೀರಾ ಹತ್ತಿರದ ಸಾಕ್ಷ್ಯ: ಬೇಕೆಂದಾಗ ಉತ್ತರ ಪಡೆಯಲು ಅವಕಾಶವಿದ್ದರೂ, ಕುತೂಹಲವಿದ್ದಾಗ ಜನ ಅದನ್ನು ಕೇಳಲು ಹೆಚ್ಚು ಹೊತ್ತು ತಡೆದರು, ಪೂರ್ಣ ಉತ್ತರದ ಬದಲು ಸುಳಿವನ್ನು ಬಯಸಿದರು. ಕುತೂಹಲ ಅಹಿತಕರವಾದರೆ ಜನ ಅದನ್ನು ಅರಸಿ ಹೋಗುವುದೇಕೆ ಎಂಬ ಪ್ರಶ್ನೆಯನ್ನು ಲೋವೆನ್‌ಸ್ಟೈನ್ ಅವರೇ ಎತ್ತಿ, ತಣಿದಾಗಿನ ಸುಖಕ್ಕಾಗಿ ಎಂದು ಸಮಾಧಾನ ಹೇಳಿದ್ದುಂಟು. ಆ ಸಮಾಧಾನ ಕುತೂಹಲದ ಆರಂಭವನ್ನು ವಿವರಿಸೀತು, ಕೈಗೆಟುಕಿದ ಉತ್ತರವನ್ನು ಮುಂದೂಡುವುದನ್ನು ವಿವರಿಸದು. ಆದ್ದರಿಂದ, ಕನಿಷ್ಠಪಕ್ಷ ಉತ್ತರ ತನ್ನ ಯತ್ನಕ್ಕೆ ದಕ್ಕುವಂತಿದೆ ಎಂಬ ನಂಬಿಕೆ ಇರುವ ಕಡೆ, ಕುತೂಹಲಿಯ ಹಂಬಲ ಉತ್ತರಕ್ಕಿಂತ ತಾನೇ ಅದನ್ನು ಕಂಡುಕೊಳ್ಳುವುದರ ಮೇಲಿರುತ್ತದೆ ಎನ್ನಬಹುದು.

ಈ ಮಾತಿಗೆ ಮಿತಿಗಳಿವೆ. ಮೆಟ್ಕಾಫ್ ಅವರ ಪ್ರಯೋಗಗಳು ಒಗಟಿನವಲ್ಲ. ಒಗಟು ನಾಲ್ಕು ಜನರ ಎದುರಿನ ಪಂಥವಾದ್ದರಿಂದ, ತಡೆಯುವುದಕ್ಕೆ ಕುತೂಹಲಕ್ಕಿಂತ ಮರ್ಯಾದೆಯ ಪ್ರಶ್ನೆಯೇ ಕಾರಣವಿದ್ದೀತು. ಯತ್ನಕ್ಕೆ ದಕ್ಕದ ಉತ್ತರದ ವಿಷಯದಲ್ಲಂತೂ ಕೊರತೆ ಸಿದ್ಧಾಂತ ಇಂದಿಗೂ ಸರಿಯೇ: ಕೊಳವೆಬಾವಿ ಕೊರೆಸುತ್ತ ನಿಂತ ಬಯಲುಸೀಮೆಯ ರೈತನಿಗೆ ನೀರು ಬಿತ್ತೇ ಇಲ್ಲವೇ ಎಂಬುದಷ್ಟೇ ಬೇಕು, ಒಗಟಿನ ತಡ ಅಲ್ಲಿ ಯಾರಿಗೂ ಬೇಡ.

ಮರ್ಯಾದೆಯನ್ನೂ ಕುತೂಹಲವನ್ನೂ ಬಿಡಿಸಿ ನೋಡಲು ಈಗಿರುವ ಸಾಮಗ್ರಿ ಸಾಲದು. ಮುದ್ರಿತ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಒಗಟು ಮತ್ತು ಉತ್ತರ ಮಾತ್ರ ದಾಖಲಾಗುತ್ತವೆ. ಇನ್ನು ಮುಂದೆ ಕ್ಷೇತ್ರಕಾರ್ಯಕ್ಕೆ ಹೋಗುವ ಜಾನಪದ ಸಂಗ್ರಾಹಕರು, ಬಿಡಿಸುವವರು ಎಷ್ಟು ಹೊತ್ತು ತಡೆದರು, ಯಾವ ಸುಳಿವು ಕೇಳಿದರು, ಸುತ್ತ ಯಾರಿದ್ದರು ಎಂಬುದನ್ನೂ ಬರೆದುಕೊಳ್ಳಬೇಕು.