ಒಂದು ಕಸುಬು, ಎರಡು ಪದವಿ

ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ, ಚಿತ್ರ ಬರೆಯುವ ಕೈಯೂ ಇರುವ ವಿದ್ಯಾರ್ಥಿಗೆ ಮನೆಯವರು ಸಾಮಾನ್ಯವಾಗಿ ನೀಡುವ ಸಲಹೆ ‘ಆರ್ಕಿಟೆಕ್ಚರ್ ಸೇರು’ ಎಂಬುದು. ಆದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಕೈಪಿಡಿ ತೆರೆದರೆ ಅದರ ಪಕ್ಕದಲ್ಲೇ ಇನ್ನೊಂದು ಪದವಿಯ ಹೆಸರು ಕಾಣುತ್ತದೆ: ಆರ್ಕಿಟೆಕ್ಚರಲ್ ಟೆಕ್ನಾಲಜಿ. ಮೊದಲನೆಯದನ್ನು ವಾಸ್ತುಶಿಲ್ಪವೆಂದೂ ಎರಡನೆಯದನ್ನು ವಾಸ್ತುಶಿಲ್ಪ ತಂತ್ರಜ್ಞಾನವೆಂದೂ ಕರೆಯೋಣ. (ವಾಸ್ತು ಎಂದೊಡನೆ ಅಡುಗೆಮನೆ ಯಾವ ಮೂಲೆಗೆ ಬರಬೇಕೆಂಬ ಚರ್ಚೆ ನೆನಪಾಗುವ ಕಾಲವಿದು, ಇಲ್ಲಿ ಆ ಮಾತಿಲ್ಲ.) ಎರಡೂ ಕಟ್ಟಡದ ವಿದ್ಯೆಯೇ. ಹಾಗಿದ್ದರೆ ಪದವಿಗಳು ಎರಡೇಕೆ? ಉತ್ತರಕ್ಕಾಗಿ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾಗಿ ನೇಮಕಗೊಂಡ ಜಾನ್ ಸೋನ್, ಇಟ್ಟಿಗೆ ಕೆಲಸದವನೊಬ್ಬನ ಮಗ. ಹದಿಹರೆಯದಲ್ಲಿ ಜಾರ್ಜ್ ಡ್ಯಾನ್ಸ್ ಎಂಬ ವಾಸ್ತುಶಿಲ್ಪಿಯ ಕಚೇರಿ ಸೇರಿ ಕೆಲಸ ಕಲಿತವನು. ಮುಂದೆ ತಾನೂ ಶಿಷ್ಯರನ್ನು ಸೇರಿಸಿಕೊಂಡ. ಅಂದಿನ ಪದ್ಧತಿಯಂತೆ ತಂದೆತಾಯಿ ಹಣ ಕಟ್ಟಿ, ಕರಾರು ಬರೆದು, ಹುಡುಗನನ್ನು ಕೆಲವು ವರ್ಷ ಗುರುವಿನ ಕಚೇರಿಯಲ್ಲಿ ಬಿಡುತ್ತಿದ್ದರು. ಸೋನ್ ಈ ಹುಡುಗರನ್ನು ಕಟ್ಟಡ ಏಳುತ್ತಿರುವ ಜಾಗಕ್ಕೇ ಕಳುಹಿಸಿ, ಅರ್ಧ ಎದ್ದ ಗೋಡೆ, ಕಮಾನು, ಅದರ ಕೆಳಗಿನ ಮರದ ಆಸರೆಗಳನ್ನು ಕಂಡಂತೆ ಚಿತ್ರಿಸಲು ಹೇಳುತ್ತಿದ್ದ. ಅಂಥ ಚಿತ್ರಗಳು ಇಂದು ವಸ್ತುಸಂಗ್ರಹಾಲಯವಾಗಿರುವ ಅವನ ಲಂಡನ್ ಮನೆಯಲ್ಲಿ ಉಳಿದಿವೆ. ಕಟ್ಟಡ ಹೇಗೆ ಕಾಣಬೇಕು, ಹೇಗೆ ನಿಲ್ಲಬೇಕು ಎಂಬ ಎರಡು ಪ್ರಶ್ನೆಗಳೂ ಆಗ ಒಬ್ಬನ ತಲೆಯಲ್ಲೇ ಇರಬೇಕಿತ್ತು.

1834ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. 1931 ಮತ್ತು 1938ರ ಕಾಯ್ದೆಗಳು ‘ಆರ್ಕಿಟೆಕ್ಟ್’ ಎಂಬ ಹೆಸರಿಗೆ ಬೇಲಿ ಹಾಕಿದವು. ನೋಂದಣಿ ಇಲ್ಲದವರು ಆ ಬೋರ್ಡು ಹಾಕಿಕೊಳ್ಳುವಂತಿರಲಿಲ್ಲ. ಆದರೂ ಒಳಗೆ ಬರುವ ದಾರಿಗಳು ಹಲವಿದ್ದವು. ಹಗಲು ಕಚೇರಿಯಲ್ಲಿ ನಕ್ಷೆ ಬರೆದು, ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ ವಾಸ್ತುಶಿಲ್ಪಿಗಳಾದವರು ಬಹಳ ಮಂದಿ.

ತಿರುವು ಬಂದದ್ದು 1958ರಲ್ಲಿ. ಆ ವರ್ಷ ಆಕ್ಸ್‌ಫರ್ಡಿನಲ್ಲಿ ಲೆಸ್ಲಿ ಮಾರ್ಟಿನ್ ಅವರ ಅಧ್ಯಕ್ಷತೆಯಲ್ಲಿ ಸುಮಾರು ಐವತ್ತು ಜನರು ಸೇರಿ ವಾಸ್ತುಶಿಲ್ಪ ಶಿಕ್ಷಣದ ಭವಿಷ್ಯವನ್ನು ಚರ್ಚಿಸಿದರು. ಪ್ರವೇಶದ ಮಟ್ಟ ಏರಬೇಕು, ಶಿಷ್ಯವೃತ್ತಿಯೂ ಅರೆಕಾಲಿಕ ತರಗತಿಗಳೂ ಕ್ರಮೇಣ ನಿಲ್ಲಬೇಕು, ಈ ವಿದ್ಯೆ ವಿಶ್ವವಿದ್ಯಾಲಯಕ್ಕೆ ಸೇರಬೇಕು ಎಂಬುದು ಅಲ್ಲಿನ ಅಭಿಪ್ರಾಯವಾಗಿತ್ತು. ವೃತ್ತಿಗೆ ಇದರಿಂದ ಗೌರವ ಹೆಚ್ಚಿತು, ನಿಜ. ಆದರೆ ಸಂಜೆ ತರಗತಿಯ ಹುಡುಗನಿಗೆ ಮೇಲೇರುವ ಏಣಿಯನ್ನು ಎಳೆದುಕೊಂಡಂತಾಯಿತು.

ಈ ಕಥೆಯ ಮುಖ್ಯ ಪಾತ್ರ ಅವನೇ ಎಂದು ನನಗೆ ತೋರುತ್ತದೆ. ಕಚೇರಿಯ ಹಿಂಬದಿ ಮೇಜಿನಲ್ಲಿ ಕುಳಿತು, ಕಿಟಕಿಯ ಚೌಕಟ್ಟು ಗೋಡೆಗೆ ಸೇರುವಲ್ಲಿ ಮಳೆನೀರು ಒಳಬಾರದಂತೆ ಏನು ಮಾಡಬೇಕು, ತೇವ ಮೇಲೇರದಂತೆ ಯಾವ ಪದರ ಎಲ್ಲಿ ಹಾಕಬೇಕು ಎಂದು ಅಳತೆ ಸಹಿತ ಬರೆಯುತ್ತಿದ್ದವನು ಅವನು. ಅವನಿಲ್ಲದೆ ಕಚೇರಿ ನಡೆಯದು, ಅವನಿಗೆ ಹೆಸರಿಲ್ಲ. 1962ರಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆಯೇ ಕಚೇರಿಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿ, ಇಂಥ ತಾಂತ್ರಿಕ ಸಹಾಯಕರಿಗೆ ಪ್ರತ್ಯೇಕ ಸಂಸ್ಥೆ ಬೇಕೆಂದಿತು. 1965ರಲ್ಲಿ ಅಂಥದೊಂದು ಸಂಸ್ಥೆ ಹುಟ್ಟಿತು.

ಮೂರೇ ವರ್ಷಗಳಲ್ಲಿ, 1968ರ ಮೇ 16ರ ಬೆಳಗಿನ ಜಾವ, ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ವಸತಿ ಕಟ್ಟಡದ 18ನೆಯ ಅಂತಸ್ತಿನಲ್ಲಿ ಮಹಿಳೆಯೊಬ್ಬರು ಚಹಾ ಕಾಯಿಸಲು ಒಲೆ ಹಚ್ಚಿದರು. ಸೋರಿದ ಅನಿಲ ಸಿಡಿಯಿತು. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸಿದ ಕಾಂಕ್ರೀಟ್ ಗೋಡೆ ಹೊರಕ್ಕೆ ಬಿತ್ತು. ಆಸರೆ ತಪ್ಪಿದ ಮೇಲಿನ ಅಂತಸ್ತುಗಳು ಕುಸಿದವು. ಆ ಭಾರಕ್ಕೆ ಕೆಳಗಿನವೂ ಒಂದರ ಮೇಲೊಂದು ಬಿದ್ದು, ಕಟ್ಟಡದ ಇಡೀ ಒಂದು ಮೂಲೆ ನೆಲಕ್ಕಿಳಿಯಿತು. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ನಾಲ್ವರು ಸತ್ತರು, ಒಲೆ ಹಚ್ಚಿದಾಕೆ ಬದುಕಿದರು. 1986ರಲ್ಲಿ ಕಟ್ಟಡವನ್ನು ಬಿಚ್ಚಿ ಕೆಡವಿದಾಗ, ಗಟ್ಟಿ ಗಾರೆ ಇರಬೇಕಾಗಿದ್ದ ಕೆಲವು ಸಂದುಗಳಲ್ಲಿ ಹಳೆಯ ವೃತ್ತಪತ್ರಿಕೆಗಳು ಸಿಕ್ಕಿದವು.

ಈ ದುರಂತಕ್ಕೆ ಆಕ್ಸ್‌ಫರ್ಡಿನ ತೀರ್ಮಾನವೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಗೋಡೆಗೂ ನೆಲಕ್ಕೂ ನಡುವಿನ ಒಂದು ಸಂದು ಎಷ್ಟು ದೊಡ್ಡ ವಿಷಯವೆಂಬುದು ಎಲ್ಲರಿಗೂ ತಿಳಿಯಿತು. 2017ರಲ್ಲಿ ಲಂಡನ್ನಿನದೇ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಬಿದ್ದು 72 ಜನ ತೀರಿಕೊಂಡಾಗ, ಹೊರಗೋಡೆಗೆ ಹೊಸದಾಗಿ ಹೊದಿಸಿದ್ದ ಹಲಗೆಗಳು ಬೆಂಕಿಯನ್ನು ಹಬ್ಬಿಸಿದವೆಂದು ವಿಚಾರಣೆ ತಿಳಿಸಿತು. ಅಲ್ಲಿಯೂ ಪ್ರಶ್ನೆ, ಯಾವ ವಸ್ತುವನ್ನು ಯಾವುದರ ಪಕ್ಕ ಹೇಗೆ ಕೂಡಿಸಬೇಕು ಎಂಬುದೇ.

ಇತ್ತ ಸಹಾಯಕರ ಸಂಸ್ಥೆ ತನ್ನ ಹೆಸರು ಬದಲಿಸುತ್ತಾ ಬಂತು. 1994ರಲ್ಲಿ ‘ಟೆಕ್ನೀಷಿಯನ್’ ಹೋಗಿ ‘ಟೆಕ್ನಾಲಜಿಸ್ಟ್’ ಬಂತು. 2005ರಲ್ಲಿ ರಾಜಮನ್ನಣೆಯ ಚಾರ್ಟರ್ ದೊರೆಯಿತು. ವಿಶ್ವವಿದ್ಯಾಲಯಗಳಲ್ಲಿ ಪದವಿಯೂ ಬಂತು. ಯಾವ ವಿಶ್ವವಿದ್ಯಾಲಯವು ಆ ಹುಡುಗನಿಗೆ ದೂರವಾಗಿತ್ತೋ ಅಲ್ಲಿಯೇ ಅವನ ಕೆಲಸ ಇನ್ನೊಂದು ಹೆಸರಿನಲ್ಲಿ ಪಾಠವಾಯಿತು! ಇಂದು ಬ್ರಿಟನ್ನಿನಲ್ಲಿ ಚಾರ್ಟರ್ಡ್ ಟೆಕ್ನಾಲಜಿಸ್ಟ್ ಸ್ವಂತ ಕಚೇರಿ ತೆರೆದು, ಮೊದಲ ಗೆರೆಯಿಂದ ಗೃಹಪ್ರವೇಶದವರೆಗೆ ಕಟ್ಟಡದ ಹೊಣೆ ಹೊರಬಹುದು. ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವುದಕ್ಕೆ ಮಾತ್ರ ಆಗದು.

ನಮ್ಮಲ್ಲಿ ಕಸುಬು ಹೀಗೆ ಸೀಳಲಿಲ್ಲ. ವಾಸ್ತುಶಿಲ್ಪಿಗೆ ಐದು ವರ್ಷದ ಬಿ.ಆರ್ಕ್., ಎಂಜಿನಿಯರಿಗೆ ಸಿವಿಲ್, ನಕ್ಷೆ ಬರೆಯುವವರಿಗೆ ಕೆಲವು ಪಾಲಿಟೆಕ್ನಿಕ್‌ಗಳ ಡಿಪ್ಲೊಮಾ. ನಿವೇಶನದಲ್ಲಿ ಸಂದುಗೊಂದಿನ ಲೆಕ್ಕವೆಲ್ಲ ಬಹುತೇಕ ಮೇಸ್ತ್ರಿಯ ತಲೆಯಲ್ಲೇ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ, ಮಾನ್ಯತೆ ಪಡೆದ ವಾಸ್ತುಶಿಲ್ಪ ಪದವಿಯೊಡನೆ ನೋಂದಣಿ ಆದವರಷ್ಟೇ ಆ ಹೆಸರಿನಲ್ಲಿ ವೃತ್ತಿ ನಡೆಸಬಹುದು. ಈ ಕಾಯ್ದೆ ಕಾಯುವುದು ಹೆಸರನ್ನು. ವಿನ್ಯಾಸದ ಕೆಲಸವನ್ನೇ ಇತರರಿಗೆ ನಿಷೇಧಿಸುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದ್ದರಿಂದ ತಂತ್ರಜ್ಞಾನದ ಪದವಿಗೆಂದು ಸಾಲ ಮಾಡಿ ಹೊರದೇಶಕ್ಕೆ ಹೊರಟವರು, ಊರಿಗೆ ಮರಳಿ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವ ಆಸೆ ಇಟ್ಟುಕೊಂಡಿದ್ದರೆ ಎಚ್ಚರ ವಹಿಸಬೇಕು. ಹೆಸರಿನ ಹಂಗಿಲ್ಲ, ಕಟ್ಟಡ ಸೋರಬಾರದು, ಬೀಳಬಾರದು, ಸುಡಬಾರದು ಎಂಬ ವಿದ್ಯೆಯೇ ಬೇಕು ಎನ್ನುವವರಿಗೆ ಅದು ಕೀಳು ಆಯ್ಕೆಯೇನಲ್ಲ. ಸೇರುವ ಮುನ್ನ ಎರಡೂ ಪದವಿಗಳ ಕೊನೆಯ ವರ್ಷದವರು ಬರೆದ ಹಾಳೆಗಳನ್ನು ಕೇಳಿ ಪಡೆದು ನೋಡಿ. ಒಂದರಲ್ಲಿ ಗ್ರಂಥಾಲಯದ ಅಂಗಳಕ್ಕೆ ಬೆಳಕು ಬೀಳುವ ಬಗೆ ಇರಬಹುದು, ಇನ್ನೊಂದರಲ್ಲಿ ಅದೇ ಗ್ರಂಥಾಲಯದ ಮಾಡು ಗೋಡೆಗೆ ಕೂಡುವ ಒಂದು ಗೇಣು ಜಾಗ. ಯಾವ ಹಾಳೆಯ ಮುಂದೆ ಹೆಚ್ಚು ಹೊತ್ತು ನಿಂತಿರೆಂದು ನಿಮಗೇ ತಿಳಿಯುತ್ತದೆ. ಆಮೇಲೆ, ಶುಲ್ಕ ಕಟ್ಟುವ ಮೊದಲು, ಆ ಪದವಿಗೆ ಇಲ್ಲಿ ನೋಂದಣಿ ಉಂಟೇ ಎಂದು ದೆಹಲಿಯ ವಾಸ್ತುಶಿಲ್ಪ ಪರಿಷತ್ತಿಗೆ ಬರೆದು, ಉತ್ತರವನ್ನು ಲಿಖಿತವಾಗಿಯೇ ತರಿಸಿಕೊಳ್ಳಿ.